ಉದಗೀರದಿಂದ ತಂದ ಮೋಟು ದುರ್ಬೀನು

ಹೆಣ್ಣು! ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ತಾಯಿಯೂ ಚೆನ್ನಾಗಿದ್ದಾಳೆ, ಕೂಸೂ ಚೆನ್ನಾಗಿದೆ. ನಿನ್ನೆ ಮಧ್ಯಾಹ್ನ ಅವಳನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಉಣ್ಣೆ ಕತ್ತರಿಸಿ, ಹಗ್ಗ ಹೊಸೆದು ತೊಗಲಿನ ಹಾಗೆ ಗಡುಸಾದ ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನನಗೆ ಮನಸ್ಸೇ ಬರಲಿಲ್ಲ. ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂತೆ.

ಸಣ್ಣವನಿದ್ದಾಗ ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಅಕ್ಷರಗಳಷ್ಟೇ ನನ್ನ ವಿದ್ಯೆ. ಆದರೆ ಈ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ನಮ್ಮದು ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಊರು ನಿಲಂಗಾಕ್ಕೂ ದೇವಣಿಗೂ ನಡುವೆ ಇದೆ. ಚಳಿಗಾಲದಲ್ಲಿ ಕುರಿ ಈಯುವ ಹೊತ್ತಿಗೆ ನಾನು ಹಿಂಡು ಹೊಡೆದುಕೊಂಡು ಊರಿನ ಎದುರಿನ ಗುಡ್ಡ ಹತ್ತುತ್ತೇನೆ. ಅಲ್ಲಿ ಮುಳ್ಳಿನ ಬೇಲಿ ಹಾಕಿ ಹಟ್ಟಿ ಕಟ್ಟಿದರೆ ಮರಿಗಳು ಬಲಿಯುವ ತನಕ ಅದೇ ನನ್ನ ಮನೆ. ಆಡುಗಳನ್ನೂ ಟಗರುಗಳನ್ನೂ ನನ್ನ ತಮ್ಮ ಮಾಂಜರಾ ಹೊಳೆಯ ಕಡೆಗೆ ಒಯ್ಯುತ್ತಾನೆ. ಹಾಗಾಗಿ ಗುಡ್ಡದ ಮೇಲೆ ನಾನು ಒಬ್ಬನೇ.

ಇದರ ಮೇಲೆ ನಮ್ಮ ಮನೆತನದ್ದೊಂದು ಕಟ್ಟಳೆ ಇದೆ. ಹಟ್ಟಿಯಲ್ಲಿ ಬೀರಪ್ಪನ ಕಲ್ಲು ಇರುತ್ತದೆ. ಬಾಣಂತಿ ಇರುವ ಮನೆಯವರು ಪುರುಡು, ಅಂದರೆ ಹೆರಿಗೆಯ ಸೂತಕ, ಕಳೆಯುವ ತನಕ ಹಟ್ಟಿಯ ಬೇಲಿ ದಾಟಬಾರದು, ಹಟ್ಟಿಯವನು ಆ ಮನೆಯ ಹೊಸ್ತಿಲು ತುಳಿಯಬಾರದು. ತುಳಿದರೆ ಮರಿಗಳಿಗೆ ಬೇನೆ ಬರುತ್ತದೆ ಎಂದು ನಂಬಿದ್ದೇವೆ. ನನ್ನ ಮಗಳು ಎರಡು ಸಲ ತವರಿಗೆ ಬಂದು ಹಡೆದಳು, ಎರಡು ಸಲವೂ ನಾನು ಗುಡ್ಡದ ಮೇಲಿದ್ದೆ. ಎರಡೂ ಕೂಸುಗಳು ಉಳಿಯಲಿಲ್ಲ. ಎರಡನೆಯ ಸಲ ಮಗಳೂ ಸಾವಿನ ಬಾಗಿಲ ತನಕ ಹೋಗಿ ಬಂದಳು. ಆ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಕೂಸನ್ನು ಮಣ್ಣು ಮಾಡಿ, ನೀರು ಹಾಕಿಕೊಂಡು, ಮನೆಯವರು ಅತ್ತು ಮುಗಿಸಿದ್ದರು. ನಾನು ಮಾತ್ರ ಕುರಿಗಳ ನಡುವೆ ಕೂತು ಹೊಸದಾಗಿ ಅತ್ತೆ.

ಈ ಸಲ ಮಗಳು ಮೂರನೆಯ ಬಸಿರಿನಲ್ಲಿ ಬಂದಾಗ ನನ್ನ ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳಿದಳು.

"ಗುಡ್ಡದ ಮ್ಯಾಲಿಂದ ನಿಮಗ ನಮ್ಮ ಮಾಳಗಿ ಕಾಣ್ತದೇನ್ರಿ?"

"ಮಾಳಗಿ ಎಲ್ಲಿ ಬಂತು, ಊರೇ ಮಸಕ ಮಸಕ ಕಾಣ್ತದ."

"ಹಂಗಾದ್ರ ಇನ್ನೊಂದು ಕಣ್ಣು ತರ್ರಿ. ತಹಶೀಲದಾರ ಬ್ಯಾಟಿಗಿ ಬಂದಾಗ ಕಣ್ಣಿಗಿ ಕೊಳವಿ ಹಿಡ್ಕೊಂಡಿದ್ನಲ್ಲ, ಅಂಥಾದ್ದು."

"ದುರ್ಬೀನು? ಕುರುಬರ ಮನ್ಯಾಗ ದುರ್ಬೀನು! ಜನ ನಗ್ತಾರ."

"ನಗ್ಲಿ. ಗಂಡೋ ಹೆಣ್ಣೋ ಅದು ಆಮ್ಯಾಲ. ತಾಯಿ ಮಗಾ ಇಬ್ರೂ ಉಳದ್ರ ಆಕಿಗಿ ಬಸರಿ ಕುಬಸದಾಗ ಉಡಿಸಿದ ಹಸರ ಸೀರಿ ಮಾಳಗಿ ಮ್ಯಾಲ ಕಟ್ತೀನಿ."

"ಇಲ್ಲಾಂದ್ರ?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿದ ಮೇಲೆ ಹೇಳಿದಳು. "ಇಲ್ಲಾಂದ್ರ ಕರಿ ಕಂಬಳಿ. ಕಂಬಳಿ ಕಂಡ್ರ ಕಟ್ಟಳಿ ಗಿಟ್ಟಳಿ ನೋಡಬ್ಯಾಡ್ರಿ, ಬಂದ್ಬಿಡ್ರಿ. ಇನ್ನೊಂದು ಸಲ ನನಗ ಒಬ್ಬಾಕಿಗೇ ತಡಕೊಳ್ಳಾಕ ಆಗಾಂಗಿಲ್ಲ."

ಹೀಗೆ ದುರ್ಬೀನು ಕೊಳ್ಳುವುದು ನಿಶ್ಚಯವಾಯಿತು. ತಮ್ಮ ಇನ್ನೂ ಊರಲ್ಲೇ ಇದ್ದ, ಹಿಂಡು ಅವನ ಮೇಲೆ ಬಿಟ್ಟೆ. ದೇವಣಿಯ ರೈತನೊಬ್ಬ ನನ್ನ ಗೆಳೆಯ. ಅವನ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಹೊತ್ತು ನಮ್ಮ ಕುರಿ ತರುಬಿ ನಿಲ್ಲಿಸುತ್ತೇವೆ. ಶಿವಭಕ್ತ, ದಿನಾ ಲಿಂಗಪೂಜೆಯಾಗದೆ ನೀರು ಮುಟ್ಟುವವನಲ್ಲ. ಆದರೆ ಬಾಯಿ ಮಾತ್ರ ಬಲು ತುಂಟ. ತೊಗರಿ ಹೇರಿಕೊಂಡು ಉದಗೀರದ ಪೇಟೆಗೆ ಹೊರಟ ಅವನ ಗಾಡಿಯಲ್ಲಿ ನಾನೂ ಕೂತೆ, ಜೊತೆಗೆ ಮಾರಲು ನನ್ನ ಕಂಬಳಿಗಳು.

ಉದಗೀರದ ಕಿಲ್ಲೆಯ ಹೊರಗೆ ಫೌಜು ಬಿಟ್ಟು ಬಂದ ಮುದುಕನೊಬ್ಬ ಹಳೆಯ ಸಾಮಾನು ಮಾರುತ್ತಿದ್ದ. ಜೀನು, ಕಂದೀಲು, ತುಕ್ಕು ಹಿಡಿದ ಕತ್ತಿ, ನಡುವೆ ಒಂದು ಚಾದರದ ಮೇಲೆ ಮೂರು ದುರ್ಬೀನು. ಒಂದು ಉದ್ದನೆಯದು, ಹಿತ್ತಾಳೆಯದು, ಬಂಗಾರದ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಎರಡು ಕಣ್ಣಿನದು. ಮೂರನೆಯದು ಮೋಟು, ಮೇಲಿನ ಚರ್ಮ ಕಿತ್ತುಹೋದದ್ದು, ಲೋಹ ಕಪ್ಪಾದದ್ದು.

"ದೇಖೋ ಚಾಚಾ, ಇದು ಸರದಾರರ ದುರ್ಬೀನು," ಎಂದು ಮುದುಕ ಉದ್ದನೆಯದನ್ನು ಎಳೆದೆಳೆದು ತೋರಿಸಿದ. "ಇದ್ರಾಗ ಚಂದ್ರನ ಮುಖದ ಮ್ಯಾಲಿನ ಕಲೆ ಎಣಸ್ಬಹುದು."

"ಇದೇ ತಗೋ ದೋಸ್ತ," ಎಂದ ಗೆಳೆಯ. "ಉದ್ದ ಇದ್ದಷ್ಟು ದೂರ ಕಾಣ್ತದ. ದುರ್ಬೀನಂದ್ರ ಜ್ವಾಳದ ದಂಟು ಇದ್ದಂಗ, ಮೋಟು ದಂಟಿಗಿ ತೆನಿ ಎಲ್ಲಿಂದ?"

"ತಡೀರಿ ಅಣ್ಣಾರ," ಎಂದೆ. ದುರ್ಬೀನು ನನಗೆ ತಿಳಿಯದು, ಕುರಿ ತಿಳಿಯುತ್ತದೆ. ಉಣ್ಣೆ ನೋಡಿ ಕುರಿ ಕೊಂಡವನು ಕೆಟ್ಟ. ಉಣ್ಣೆಯೊಳಗೆ ಕೈ ಹಾಕಿ ಬೆನ್ನು ಒತ್ತಬೇಕು, ತುಟಿ ಎತ್ತಿ ಹಲ್ಲು ನೋಡಬೇಕು. ಅದನ್ನೇ ಇಲ್ಲೂ ಮಾಡಿದೆ. ಉದ್ದನೆಯದನ್ನು ಕಿವಿಯ ಹತ್ತಿರ ಅಲುಗಿಸಿದೆ, ಒಳಗೆ ಗಾಜು ಕಟಕಟ ಅಂದಿತು. ಕಣ್ಣಿಗೆ ಹಿಡಿದರೆ ಬುರುಜಿನ ಮೇಲಿನ ಪಾರಿವಾಳ ಕೋಳಿಯಷ್ಟು ದೊಡ್ಡದಾಯಿತು, ನಿಜ. ಆದರೆ ಅದರ ಸುತ್ತ ಮಳೆಬಿಲ್ಲಿನ ಅಂಚು. ಹೊಗೆಯೊಳಗೆ ನೋಡಿದ ಹಾಗೆ ಮಬ್ಬು. ಉಸಿರಾಡಿದರೆ ಸಾಕು, ಇಡೀ ಬುರುಜು ಕುಣಿಯುತ್ತಿತ್ತು. ಗುಡ್ಡದ ಗಾಳಿಯಲ್ಲಿ ಇದನ್ನು ಹಿಡಿದು ನನ್ನ ಮಾಳಿಗೆ ಹುಡುಕುವುದರೊಳಗೆ ಹೊತ್ತು ಮುಳುಗಿರುತ್ತದೆ. ಎರಡು ಕಣ್ಣಿನದರಲ್ಲಿ ಒಂದು ಪಾರಿವಾಳ ಎರಡಾಗಿ ಕಂಡಿತು, ಹಣೆ ನೋಯತೊಡಗಿತು.

ಮೋಟನ್ನು ಎತ್ತಿಕೊಂಡೆ. ಅಲುಗಿಸಿದರೆ ಸದ್ದಿಲ್ಲ. ಮುಂದಿನ ಗಾಜು ಅಗಲವಾಗಿತ್ತು, ಬಾಯಿಯ ಹಬೆ ಬಿಟ್ಟು ವಾರೆಯಾಗಿ ಹಿಡಿದರೆ ಒಂದು ಗೀರೂ ಇರಲಿಲ್ಲ. ಪಾರಿವಾಳ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ, ಆದರೆ ಅದರ ಕುತ್ತಿಗೆಯ ನೀಲಿ ಹೊಳಪು ಕಾಣಿಸಿತು. ನನಗೆ ಬೇಕಾದದ್ದು ಬಣ್ಣ. ಆದರೂ ಕೊಳ್ಳಲಿಲ್ಲ, ಹೊತ್ತು ಇಳಿಯುವ ತನಕ ಕಾದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಯಾವ ದುರ್ಬೀನಾದರೂ ಕಾಣಿಸೀತು. ಬೆಳಕು ಕಮ್ಮಿಯಾದ ಮೇಲೆ ಯಾವುದು ಕಾಣಿಸುತ್ತದೋ ಅದೇ ನನ್ನದು. ಕಿಲ್ಲೆಯ ಆಚೆ ಕೇರಿಯಲ್ಲಿ ಹೆಂಗಸರು ಸೀರೆ ಒಣಹಾಕಿದ್ದರು. ಅತ್ತ ತಿರುಗಿಸಿ ನೋಡುತ್ತ ನಿಂತೆ.

"ಏ ದೋಸ್ತ," ಗೆಳೆಯ ಮೊಣಕೈ ತಿವಿದ. "ಅಜ್ಜ ಆಗೋ ವಯಸ್ಸಿನ್ಯಾಗ ಮಂದಿ ಹೆಂಗಸರ ಸೀರಿ ನೋಡ್ತಿಯಲ್ಲೋ, ನಮ್ಮ ವೈನಿಗಿ ಹೇಳ್ಲೇನು?"

"ಹೇಳ್ರಿ ಅಣ್ಣಾರ. ಸೀರಿ ನೋಡಾಕೇ ಆಕಿ ನನ್ನ ಕಳಿಸ್ಯಾಳ."

ಮುದುಕ ಬಿದ್ದು ಬಿದ್ದು ನಕ್ಕ. ಸೂರ್ಯ ಕೆಂಪಾದ ಮೇಲೂ ಮೋಟು ದುರ್ಬೀನಿನಲ್ಲಿ ಕೆಂಪು ಸೀರೆ ಕೆಂಪಾಗಿ, ಹಸಿರು ಹಸಿರಾಗಿಯೇ ಇತ್ತು. ಉದ್ದನೆಯದರಲ್ಲಿ ಆಗಲೇ ಎಲ್ಲ ಬೂದಿಯ ಬಣ್ಣ. ಉದ್ದನೆಯದಕ್ಕೆ ಅವನು ಒಂದು ಎಮ್ಮೆಯ ಬೆಲೆ ಹೇಳಿದ, ಮೋಟಿಗೆ ಒಂದು ಒಳ್ಳೆಯ ಟಗರಿನ ಬೆಲೆ. ಕಂಬಳಿ ಮಾರಿದ ಹಾಲಿ ಸಿಕ್ಕಾ ರೂಪಾಯಿ ಕೊಟ್ಟು ಮೋಟನ್ನು ತಂದೆ. ಹೊರಡುವಾಗ ಅವನು ಒಂದು ಮಾತು ಹೇಳಿದ: "ಗಾಜು ಒರಸೋದಿದ್ರ ಹಳೇ ಹತ್ತಿ ಬಟ್ಟಿ, ಚಾಚಾ. ಬ್ಯಾರೆ ಏನೂ ಹಚ್ಚಬ್ಯಾಡ." ನಾನು ಹೂಂ ಅಂದೆ. ಹೂಂ ಅನ್ನುವುದಕ್ಕೇನು!

ಗುಡ್ಡ ಹತ್ತಿದೆ. ಕವಲು ಕೋಲನ್ನು ಕಲ್ಲುಗಳ ನಡುವೆ ನೆಟ್ಟು, ಕವಲಿನಲ್ಲಿ ದುರ್ಬೀನು ಇಟ್ಟು ಊರ ಕಡೆಗೆ ತಿರುಗಿಸಿದೆ. ಮಾಳಿಗೆ ಸಿಕ್ಕಿತು! ಹೆಂಡತಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಮಗಳು ಸೊಂಟಕ್ಕೆ ಕೈ ಕೊಟ್ಟು ಎಳೆ ಬಿಸಿಲಿನಲ್ಲಿ ಮೆಲ್ಲಗೆ ಅತ್ತಿತ್ತ ನಡೆಯುತ್ತಿದ್ದಳು. ಇಬ್ಬರೂ ಏನೋ ಮಾತಾಡಿ ನಕ್ಕರು. ನಗು ಕಂಡಿತು, ಕೇಳಲಿಲ್ಲ. ಏನು ಹೇಳಿ ನಕ್ಕರೋ ಎಂದು ಇಡೀ ದಿನ ಯೋಚಿಸಿದೆ.

ನಿಜ ಹೇಳುತ್ತೇನೆ, ದುರ್ಬೀನು ಇಲ್ಲದ ವರ್ಷಗಳಲ್ಲಿ ಗುಡ್ಡದ ಮೇಲೆ ನಾನು ಇಷ್ಟು ಒಂಟಿಯಾಗಿರಲಿಲ್ಲ. ಆಗ ಊರು ಕಾಣುತ್ತಿರಲಿಲ್ಲ, ಮನಸ್ಸು ಕುರಿಗಳಲ್ಲೇ ಇರುತ್ತಿತ್ತು. ಈಗ ಕಣ್ಣು ತೆಗೆದರೆ ಸಾಕು, ಹೆಂಡತಿ ಮಗಳು ಮಾಯವಾಗಿ ಬರೀ ಕಲ್ಲು, ಕಸ, ಗಾಳಿ. ಹೆಂಡತಿ ಒಮ್ಮೊಮ್ಮೆ ಗುಡ್ಡದ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ನಾನು ಕೈ ಎತ್ತುತ್ತಿದ್ದೆ. ಅವಳಿಗೇನು ಕಾಣಬೇಕು? ಒಲೆ ಹೊತ್ತಿಸಿ ನನಗೆ ನಾನೇ ಅಂಬಲಿ ಕಾಸಿಕೊಂಡು, ಈದ ಕುರಿಗಳ ಜೊತೆ ಮಾತಾಡುತ್ತ ದಿನ ನೂಕುತ್ತಿದ್ದೆ. ಮಗಳು ಮಾಳಿಗೆ ಹತ್ತುವುದು ನಿಂತ ಮೇಲಂತೂ ಅಂಬಲಿಯೂ ಸೇರಲಿಲ್ಲ.

ಆಗ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ನಮ್ಮ ಪದ್ಧತಿಯಂತೆ ಕತ್ತರಿ, ಕೊಡಲಿ, ಕೋಲು ಎಲ್ಲವನ್ನೂ ಬೀರಪ್ಪನ ಕಲ್ಲಿನ ಮುಂದಿಟ್ಟು ಭಂಡಾರ ಹಾರಿಸುತ್ತೇವೆ. ಭಂಡಾರ ಅಂದರೆ ಅರಿಶಿನದ ಪುಡಿ, ಬೀರಪ್ಪನ ಪ್ರಸಾದ. ದುರ್ಬೀನೂ ಈಗ ಹಟ್ಟಿಯ ಸಾಮಾನೇ ತಾನೇ? ಅದನ್ನೂ ಇಟ್ಟೆ. ನನ್ನ ಮಗಳ ಕೆಲಸಕ್ಕೆ ಬಂದದ್ದೆಂದು ಅದಕ್ಕೇ ಒಂದು ಮುಷ್ಟಿ ಹೆಚ್ಚು ಹಾಕಿದೆ. ಪೂಜೆಯ ಮೇಲೆ ಗಾಜು ಒರೆಸಬೇಕಲ್ಲ, ನನಗೆ ಗೊತ್ತಿರುವ ಅತಿ ಮೆತ್ತಗಿನ ವಸ್ತು ಮರಿಯ ಉಣ್ಣೆ. ಅದರಿಂದ ಚೆನ್ನಾಗಿ ತಿಕ್ಕಿ ಚೀಲಕ್ಕೆ ಹಾಕಿದೆ. ಅದರ ಬೆನ್ನಿಗೇ ಕುರಿಗಳು ಸಾಲಾಗಿ ಈಯತೊಡಗಿದವು. ಒಂದು ಮರಿ ಅಡ್ಡ ಬಂದಿತ್ತು, ಇನ್ನೊಂದು ಕುರಿ ಮರಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಊರ ಕಡೆ ನೋಡಲು ಬಿಡುವೇ ಆಗಲಿಲ್ಲ.

ಬಿಡುವಾದ ದಿನ ಹೊತ್ತು ಏರುವಾಗ ದುರ್ಬೀನು ಹಿಡಿದೆ. ಮಾಳಿಗೆಯ ಬಿದಿರಿನ ಗಳದ ಮೇಲೆ ಏನೋ ಕಟ್ಟಿತ್ತು. ಕಪ್ಪು!

ಮತ್ತೆ ನೋಡಿದೆ. ಕಪ್ಪೇ. ಸುತ್ತ ಎಲ್ಲ ಮಸುಕು, ನಡುವೆ ಆ ಕಪ್ಪು ಬಟ್ಟೆ ನೇತಾಡುತ್ತಿತ್ತು. ಯಾರು ಹೋದರು, ಮಗಳೋ, ಕೂಸೋ, ಇಬ್ಬರೂನೋ? ಕಂಬಳಿ ಅದನ್ನು ಹೇಳುವುದಿಲ್ಲ. ಕಟ್ಟಳೆ ನೋಡಬೇಡಿ ಎಂದು ಹೆಂಡತಿ ಹೇಳಿದ್ದಳು. ಮರಿಗಳನ್ನು ಬುಟ್ಟಿಯಡಿ ಮುಚ್ಚಿದೆ, ಹಟ್ಟಿಯ ಬಾಯಿಗೆ ಮುಳ್ಳು ಎಳೆದೆ. ತೋಳ ಬಂದರೆ ಬರಲಿ, ಎಲ್ಲ ತಿಂದರೆ ತಿನ್ನಲಿ. "ನೀನೇ ನೋಡ್ಕೊ," ಎಂದು ಬೀರಪ್ಪನ ಕಲ್ಲಿಗೆ ಹೇಳಿದೆ. ಹೇಳುವಾಗ ಕೈ ಮುಗಿದೆ ನೋಡಿ, ಕೈಯೆಲ್ಲ ಹಳದಿ. ಕಣ್ಣೀರು ಒರೆಸಿಕೊಂಡ ತೋಳಿನ ಮೇಲೂ ಹಳದಿ. ಭಂಡಾರ ಹಾರಿಸಿ ಎಷ್ಟೋ ದಿನವಾಗಿದೆ, ಈಗೆಲ್ಲಿಂದ ಬಂತು?

ದುರ್ಬೀನನ್ನು ಬಿಸಿಲಿಗೆ ವಾರೆಯಾಗಿ ಹಿಡಿದೆ. ಮುಂದಿನ ಗಾಜಿನ ಮೇಲೆ ಅರಿಶಿನ, ಮರಿಯ ಉಣ್ಣೆಯ ಜಿಡ್ಡು, ಎರಡೂ ಸೇರಿ ಬೆಣ್ಣೆ ಸವರಿದ ಹಾಗೆ ಮೆತ್ತಿಕೊಂಡಿತ್ತು. ಇಂಥ ಗಾಜಿನಲ್ಲಿ ಯಾವ ಬಣ್ಣ ಕಂಡೀತು?

ಉಣ್ಣೆಯ ಜಿಡ್ಡು ಹೇಗೆ ಬಿಡುತ್ತದೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಉಗುರುಬೆಚ್ಚಗಿನ ನೀರು, ಅಂಟುವಾಳದ ಕಾಯಿಯ ನೊರೆ. ನೊರೆಯನ್ನು ಬೆರಳ ತುದಿಯಲ್ಲಿ ತಗೊಂಡು ಗಾಜಿಗೆ ಮೆಲ್ಲಗೆ ಸವರಿ, ಹಳೆಯ ಧೋತರದ ಚುಂಗಿನಿಂದ ಒತ್ತಿ ತೆಗೆದೆ. ಮತ್ತೆ ಸವರಿದೆ, ಮತ್ತೆ ಒತ್ತಿದೆ. ನೋಡಲು ಧೈರ್ಯ ಬರಲಿಲ್ಲ. ಕುರಿಯೊಂದು ಬುಟ್ಟಿಯೊಳಗಿನ ಮರಿಗಾಗಿ ಒದರುತ್ತಲೇ ಇತ್ತು. ಕೊನೆಗೆ ಕಣ್ಣಿಟ್ಟೆ.

ಹಸಿರು! ಗಾಳಿಗೆ ಬಿಚ್ಚಿಕೊಂಡು ಪಟಪಟ ಹಾರುವ ಕುಬಸದ ಸೀರೆ, ಅದರ ಕೆಂಪು ಸೆರಗು. ಅದರ ಪಕ್ಕದಲ್ಲೇ ಹೆಂಡತಿ ಹಣೆಗೆ ಕೈ ಹಚ್ಚಿ ಗುಡ್ಡದ ಕಡೆ ನೋಡುತ್ತ ನಿಂತಿದ್ದಳು. ಎಷ್ಟು ದಿನದಿಂದ ಹಾಗೆ ಬಂದು ನಿಲ್ಲುತ್ತಿದ್ದಳೋ! "ಕಂಡೆ! ಕಂಡೆನೇ!" ಎಂದು ಕೂಗಿದೆ. ಕುರಿಗಳೆಲ್ಲ ತಲೆಯೆತ್ತಿ ನನ್ನನ್ನು ನೋಡಿದವು. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತು, ಸೆರಗು ಸರಿಮಾಡಿಕೊಂಡು, ಕೆಳಗಿಳಿದು ಹೋದಳು. ಇಷ್ಟು ದೊಡ್ಡ ಸಂತೋಷವನ್ನು ಇಟ್ಟುಕೊಂಡು ಒಬ್ಬನೇ ಏನು ಮಾಡಬೇಕೋ ತಿಳಿಯದೆ, ಬುಟ್ಟಿ ಎತ್ತಿ ಮರಿಗಳನ್ನು ಒಂದೊಂದಾಗಿ ತಾಯಂದಿರಿಗೆ ಬಿಟ್ಟೆ.

ಪುರುಡು ಕಳೆಯುವ ತನಕ ಗುಡ್ಡದ ಮೇಲೇ ಇದ್ದೆ. ಗಂಡೋ ಹೆಣ್ಣೋ ಎಂದು ಬೆಂಕಿಯನ್ನು ಕೇಳಿದೆ, ಗಾಳಿಯನ್ನು ಕೇಳಿದೆ. ನಿನ್ನೆ ಬೆಳಿಗ್ಗೆ ತಮ್ಮ ಹೊಳೆಯ ಕಡೆಯಿಂದ ಬಂದು ಹಿಂಡು ವಹಿಸಿಕೊಂಡ. ಗುಡ್ಡ ಇಳಿಯುವಾಗ ಎರಡು ಸಲ ಜಾರಿ ಬಿದ್ದೆ.

ಹೊಸ್ತಿಲಲ್ಲಿ ಹೆಂಡತಿ ಕಾಲಿಗೆ ನೀರು ಕೊಟ್ಟು ಸಿಡುಕಿದಳು. "ಸೀರಿ ಕಂಡಿತ್ತೋ ಇಲ್ಲೋ? ದಿನಾ ನಿಂತು ನಿಂತು ಕುತಗಿ ನೋವು ಬಂತು ನನಗ."

"ಕಂಡಿತ್ತು, ನೀನೂ ಕಂಡಿ."

"ನಾ ಹ್ಯಾಂಗಿದ್ದೆ?"

"ಸಣ್ಣಾಕಿ ಆಗಿದ್ದಿ. ಈಗ ಹೇಳು, ಗಂಡೋ ಹೆಣ್ಣೋ?"

"ನಿಮ್ಮಂಥಾ ಮೂಗಿನ ಹೆಣ್ಣು, ಪಾಪ," ಎಂದು ಒಳಗಿನಿಂದ ಮಗಳು ಕೂಗಿದಳು. ಅವಳ ದನಿ ಕೇಳಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಸಂಜೆಗೆ ಅಳಿಯ ಬಂದ, ಬೀಗತಿ ಬಂದರು. ನಮ್ಮಲ್ಲಿ ಗಂಡಸರದ್ದಾದ ಮೇಲೆ ಹೆಂಗಸರು ಉಣ್ಣುವುದು ವಾಡಿಕೆ. ನಿನ್ನೆ ನಾನು ಅದಕ್ಕೆ ಒಪ್ಪಲಿಲ್ಲ, ಎಲ್ಲರೂ ಕೂಡದ ಹೊರತು ತುತ್ತು ಎತ್ತುವುದಿಲ್ಲ ಎಂದು ಹಟ ಹಿಡಿದೆ. "ಗುಡ್ಡದ ಮ್ಯಾಲ ಒಬ್ರೇ ಇದ್ದು ತಲಿ ಕೆಟ್ಟದ," ಎಂದು ಬೈಯುತ್ತಲೇ ಹೆಂಡತಿ ನನ್ನ ಎದುರಿಗೆ ಕೂತಳು. ಗೋದಿ ಹುಗ್ಗಿ, ಮೇಲೆ ತುಪ್ಪ, ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ. ಬಾಣಂತಿಗೆ ಬೇರೆಯಾಗಿ ಬೆಳ್ಳುಳ್ಳಿ ಸಾರು. ಅಳಿಯ ನಾಚುತ್ತ ನಾಚುತ್ತ ಮೂರು ಸಲ ಹುಗ್ಗಿ ಹಾಕಿಸಿಕೊಂಡ. ಮಗಳು ಒಂದು ಕೈಯಿಂದ ತೊಟ್ಟಿಲು ತೂಗುತ್ತ ಇನ್ನೊಂದು ಕೈಯಿಂದ ಉಂಡಳು. ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು. ನಾನು ಕೇಳುತ್ತ ಕೂತಿದ್ದೆ.

"ಉಣ್ರಿ," ಎಂದಳು ಹೆಂಡತಿ, "ಹುಗ್ಗಿ ಆರ್ತದ."