ಏಣಿ ಬೇಡವೆಂದ ಕಾಕ

ಅವರ ತುಟಿಗಳ ನಡುವೆ ಯಾವಾಗಲೂ ಐದಾರು ಪರದೆ ಕೊಕ್ಕೆಗಳಿರುತ್ತಿದ್ದವು. ಹಿತ್ತಾಳೆಯ ಕೊಕ್ಕೆ. ಬೆಳಕು ಬಿದ್ದರೆ ಚಿನ್ನದ ಹಲ್ಲು ಕಟ್ಟಿಸಿಕೊಂಡವರ ಹಾಗೆ ಹೊಳೆಯುತ್ತಿದ್ದರು. ಕೊಕ್ಕೆ ಬಾಯಲ್ಲಿಟ್ಟುಕೊಂಡೇ ಮಾತು, ಕೊಕ್ಕೆ ಬಾಯಲ್ಲಿಟ್ಟುಕೊಂಡೇ ನಗು. ಬೇಕಾದಾಗ ನಾಲಿಗೆಯಿಂದ ಒಂದನ್ನು ಮಾತ್ರ ಮುಂದಕ್ಕೆ ತಳ್ಳಿ ಬೆರಳಿಗೆ ಕೊಡುತ್ತಿದ್ದರು, ಉಳಿದವು ಅಲುಗುತ್ತಿರಲಿಲ್ಲ. ನೋಡಿ ಕಲಿಯಲು ಹೋದ ಒಬ್ಬ ಫಿಟ್ಟರ್ ಒಂದು ಕೊಕ್ಕೆ ನುಂಗಿ ಎರಡು ದಿನ ಬಾಳೆಹಣ್ಣು ತಿಂದುಕೊಂಡು ಕೂತಿದ್ದ.

ದುಬೈಯ ಸತ್ವಾದಲ್ಲಿ ನನ್ನದು ಪರದೆ ಸಾಮಾನಿನ ಅಂಗಡಿ. ರೈಲು, ರಾಡು, ಬಳೆ, ಕೊಕ್ಕೆ, ಪಟ್ಟಿ. ಅವರು ಬಂಟ್ವಾಳ ಕಡೆಯ ಬ್ಯಾರಿ, ದೊಡ್ಡ ದೊಡ್ಡ ವಿಲ್ಲಾಗಳಿಗೆ ಪರದೆ ಕಟ್ಟುವ ಕೆಲಸ. ನಮ್ಮ ಬೀದಿಯ ಮಲಯಾಳಿ, ಪಠಾಣ, ಫಿಲಿಪಿನೊ ಎಲ್ಲರಿಗೂ ಅವರು ಕಾಕ. ಮೊದಲ ದಿನ ನಾನು ಹೇಳಿದ ಬೆಲೆ ಕೇಳಿ, ಒಂದು ಬಳೆಯನ್ನು ಗಾಜಿನ ಮೇಲೆ ತಿರುಗಿಸಿ ಬಿಟ್ಟು, ಅದು ಬಿದ್ದ ಸದ್ದು ಆಲಿಸಿದರು.

"ಇದು ಹಿತ್ತಾಳೆ ಅಲ್ಲ ಧಣಿ, ಹಿತ್ತಾಳೆಯ ಬಣ್ಣ. ಬಣ್ಣದ ರೇಟು ಹೇಳಿ."

ಅಂದಿನಿಂದ ನಾನು ಅವರಿಗೆ ಧಣಿ. ಗೌರವಕ್ಕಲ್ಲ, ಕೀಟಲೆಗೆ. ಅಂಗಡಿಗೆ ಕಾಲಿಟ್ಟ ಕೂಡಲೇ, "ಎಂತ ಧಣಿ, ಇವತ್ತು ಎಷ್ಟು ಜನರ ತಲೆ ಬೋಳಿಸಿದ್ರಿ?" ಎಂದು ಗಿರಾಕಿಗಳ ಎದುರೇ ಕೇಳುತ್ತಿದ್ದರು.

ಪರದೆ ಕಟ್ಟಿ ಮುಗಿಸಿದ ಮೇಲೆ ಅವರದ್ದೊಂದು ಕ್ರಮವಿತ್ತು. ಅಮೃತಶಿಲೆಯ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಪರದೆಯ ಅಂಚಿನ ಕೆಳಗೆ ಹೆಬ್ಬೆರಳಿನ ಉಗುರು ತೂರಿಸುತ್ತ ಕಿಟಕಿಯ ಈ ತುದಿಯಿಂದ ಆ ತುದಿಯವರೆಗೆ ತೆವಳುತ್ತಿದ್ದರು. "ಪರದೆ ನೆಲ ಮುಟ್ಟಬಾರ್ದು, ನೆಲ ಬಿಟ್ಟು ಓಡ್ಲೂಬಾರ್ದು. ಒಂದು ಉಗುರು ಎಡೆ ಸಾಕು. ಉದ್ದ ಬಿಟ್ರೆ ಊರಿನ ಧೂಳೆಲ್ಲ ಗುಡಿಸ್ತದೆ. ಗಿಡ್ಡ ಮಾಡಿದ್ರೆ ಮನೆಯ ಮಾನ ಕಾಣ್ತದೆ." ವಿಲ್ಲಾದ ಯಜಮಾನರು ಚಹಾ ಹಿಡಿದುಕೊಂಡು ನಿಂತು ಈ ಹಿರಿಯ ಮನುಷ್ಯ ತೆವಳುವುದನ್ನು ನೋಡಿ ನಗುತ್ತಿದ್ದರಂತೆ. ಆದರೆ ಎರಡನೆಯ ಮನೆ ಕಟ್ಟಿಸಿದಾಗ ಫೋನು ಇವರಿಗೇ ಬರುತ್ತಿತ್ತು.

ಈ ದೇಶದ ಪರದೆಗೆ ಒಂದು ಗ್ರಹಚಾರವುಂಟು. ಮರಳುಗಾಳಿ. ಗಾಜು ಎಷ್ಟೇ ಭದ್ರವಿದ್ದರೂ ಹಿಟ್ಟಿನಂಥ ಧೂಳು ಒಳಗೆ ಬಂದು ಮಡಿಕೆಗಳಲ್ಲಿ ಕೂರುತ್ತದೆ. ಆದ್ದರಿಂದ ರಂಜಾನ್ ಉಪವಾಸಕ್ಕೆ ಮೊದಲು ಒಳ್ಳೆಯ ಮನೆಗಳಲ್ಲಿ ಪರದೆ ಇಳಿಸಿ, ಒಗೆಸಿ, ಮತ್ತೆ ಏರಿಸುತ್ತಾರೆ. ಅಂಥ ಒಂದು ದಿನ ಅಬುಧಾಬಿಯ ಮನೆಯೊಂದರಲ್ಲಿ, ಏಳು ಮೀಟರ್ ಎತ್ತರದ ಕಿಟಕಿಯ ಪರದೆ ಇಳಿಸುವಾಗ ಏಣಿಯ ಕಾಲು ನೆಲದ ಮೇಲೆ ಜಾರಿತು. ಕಾಕ ಪರದೆ ಸಮೇತ ಕೆಳಗೆ ಬಂದರು. ಆ ದಪ್ಪ ಬಟ್ಟೆಯೇ ಜೀವ ಉಳಿಸಿತು. ಎಡಭುಜ ಮಾತ್ರ ಹೋಯಿತು. ಮೂಳೆ ಕೂಡಿದರೂ ಕೈ ಹೆಗಲಿಗಿಂತ ಮೇಲೆ ಏಳಲಿಲ್ಲ.

ಕೈ ಎತ್ತಲಾಗದ ಪರದೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವರ ಯಜಮಾನರು ಒಳ್ಳೆಯ ಮಾತಾಡಿಯೇ ವೀಸಾ ಮುಗಿಸಿದರು. ನಾನು ನನ್ನ ಅಂಗಡಿಯ ವೀಸಾದಲ್ಲಿ ಅವರನ್ನು ಕೌಂಟರಿಗೆ ಹಾಕಿಕೊಂಡೆ. ಧರ್ಮಕ್ಕೆ ಎಂದುಕೊಳ್ಳಬೇಡಿ, ಅಷ್ಟು ಸಾಮಾನು ಗೊತ್ತಿರುವವರು ಎಲ್ಲಿ ಸಿಗುತ್ತಾರೆ? ಆದರೆ ಕೌಂಟರಿನ ಹಿಂದೆ ಅವರು ಮದುವೆಗೆ ಬಂದರೂ ಯಾರೂ ಊಟಕ್ಕೆ ಕರೆಯದ ನೆಂಟನ ಹಾಗೆ ಕೂತಿರುತ್ತಿದ್ದರು. ಬಾಯಲ್ಲಿ ಕೊಕ್ಕೆ ಇತ್ತು, ಕೊಡಲಿಕ್ಕೆ ಕೈ ಇರಲಿಲ್ಲ.

"ಕೊಕ್ಕೆ ಮಾರುದು ಬೇರೆ, ಕೊಕ್ಕೆ ಹಾಕುದು ಬೇರೆ ಧಣಿ. ಊರಿಗೆ ಹೋಗುವ ಮೊದಲು ನಾನು ಒಮ್ಮೆ ಕಿಟಕಿಯ ಎದುರು ನಿಲ್ಲಬೇಕು. ಬಿದ್ದವ ಅಂತ ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ."

ಸುಮಾರು ಎಂಟು ತಿಂಗಳು ಅವರು ಏನೋ ಉಜ್ಜುತ್ತಿದ್ದರು. ನೈಲಾನ್ ತುಂಡು, ಸಣ್ಣ ಅರ, ಬಣ್ಣ ಬಳಿಯುವವರು ಬಳಸುವ, ಎಳೆದು ಉದ್ದ ಮಾಡಬಹುದಾದ ಕೋಲು. ಒಂದು ಶುಕ್ರವಾರ ನಮಾಜಿನಿಂದ ಬಂದವರೇ ನನ್ನನ್ನು ಗೋದಾಮಿಗೆ ಕರೆದರು. ಮೇಲೆ ರೈಲು ಕಟ್ಟಿದ್ದರು. ಕೋಲಿನ ತುದಿಗೆ ಪರದೆ ಸಿಕ್ಕಿಸಿ ಬಲಗೈಯಲ್ಲಿ ಮೇಲಕ್ಕೆ ತಳ್ಳಿದರು. ಟಕ್. ಪರದೆ ಅಲ್ಲೇ ನಿಂತಿತು. ಇನ್ನೊಮ್ಮೆ ತಳ್ಳಿದರು. ಟಕ್. ಪರದೆ ಕೋಲಿನ ಮೇಲೆ ಕೂತು ಇಳಿದು ಬಂತು. ಏಣಿಯಿಲ್ಲ, ಎರಡನೆಯ ಕೈಯಿಲ್ಲ.

"ಒಳಗೆ ಎಂತ ಉಂಟು ಕಾಕ? ಸ್ಪ್ರಿಂಗಾ?"

ಅವರು ಕೊಕ್ಕೆಗಳ ಎಡೆಯಿಂದ ನಕ್ಕರು. "ಸ್ಪ್ರಿಂಗಿಗೆ ಮರಳು ಹೋದ್ರೆ ಖಲಾಸ್. ಇದು ನನ್ನ ಬಾಯಿ ಧಣಿ. ತುಟಿ ಹಿಡೀತದೆ, ನಾಲಿಗೆ ಬಿಡಿಸ್ತದೆ. ನಾಲಿಗೆ ಅದರ ಭಾರಕ್ಕೇ ಆಚೆ ಈಚೆ ಬೀಳ್ತದೆ, ಅಷ್ಟೆ."

ಮೂವತ್ತು ವರ್ಷ ನಾವೆಲ್ಲ ನೋಡಿ ನಕ್ಕ ಬಾಯಿ ಅದು.

ನನ್ನ ಮೂಗಿಗೆ ವ್ಯಾಪಾರದ ವಾಸನೆ ಬಂತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಪರದೆ ರೈಲು ಮಾಡುವ ಕಾರ್ಖಾನೆಯ ಮಾಲೀಕರ ಬಳಿ ಇಬ್ಬರೂ ಹೋದೆವು. ಅವರು ನಾಲ್ಕು ಸಲ ಏರಿಸಿ ಇಳಿಸಿ ನೋಡಿ, ನೇರ ಮಾತಾಡಿದರು. ಪೇಟೆಂಟ್ ತನ್ನಿ, ನಾನು ಅಚ್ಚು ಹಾಕಿಸುತ್ತೇನೆ, ಕೋಲಿನ ಮೇಲೆ ನಿಮ್ಮ ಹೆಸರು ಒತ್ತಿಸುತ್ತೇನೆ, ಮನೆ ಮನೆಗೆ ಹೋಗಿ ಫಿಟ್ಟರುಗಳಿಗೆ ಕಲಿಸುವ ಕೆಲಸವನ್ನೂ ನಿಮಗೇ ಕೊಡುತ್ತೇನೆ. ಕಾಗದವಿಲ್ಲದೆ ಮಾಡಿದರೆ ಮುಂದಿನ ತಿಂಗಳು ಇದರ ನಕಲು ಕಂಟೇನರಿನಲ್ಲಿ ಜೆಬೆಲ್ ಅಲಿ ಬಂದರಿಗೆ ಬಂದು ಇಳಿಯುತ್ತದೆ. ಕಾಗದ ಬಂದರೆ ಕಾಕ ಮತ್ತೆ ಕಿಟಕಿಯ ಎದುರು. ಬಾರದಿದ್ದರೆ ಕೌಂಟರು, ಆಮೇಲೆ ಊರು.

ಪೇಟೆಂಟಿನ ಕೆಲಸಕ್ಕೆ ನಮಗೆ ಸಿಕ್ಕವರು ಮೈಸೂರಿನ ಹುಡುಗಿ, ಇಲ್ಲಿ ದೊಡ್ಡ ಕಚೇರಿಯಲ್ಲಿ ವಕೀಲೆ. ಅರ್ಜಿಯಲ್ಲಿ ಕ್ಲೇಮ್ ಎಂದೊಂದು ಭಾಗವಿರುತ್ತದೆ. 'ಇಷ್ಟು ನನ್ನದು' ಎಂದು ಬೇಲಿ ಹಾಕುವ ವಾಕ್ಯ. ಕಾಕ ಹೇಳಿದ್ದು ಸಣ್ಣ ಬೇಲಿ: ಭಾರಕ್ಕೆ ಬೀಳುವ ನಾಲಿಗೆ, ಅದರಿಂದ ಏರಿಸುವುದು, ಇಳಿಸುವುದು. ನಾನು ಅಡ್ಡ ಬಾಯಿ ಹಾಕಿದೆ. ಮೊದಲು ಹೆಚ್ಚು ಕೇಳು, ಆಮೇಲೆ ಇಳಿ. ಇದೇ ಮಂತ್ರದಲ್ಲಿ ನಾನು ಬರಿಗೈಯಲ್ಲಿ ಬಂದು ಅಂಗಡಿ ಮಾಡಿದವನು.

"ಕೋಲಿನಿಂದ ಪರದೆ ಏರಿಸುವ ಎಲ್ಲ ವಿಧಾನವೂ ನಮ್ಮದು ಅಂತ ಬರೀರಿ ಮೇಡಂ," ಎಂದೆ.

"ಸಾರ್, ಅಷ್ಟೊಂದು ಅಗಲ ಬೇಡ. ಏಟು ತಿಂತೀವಿ."

"ಪೇಟೆಂಟ್ ಕಚೇರಿಯವರು ಚೌಕಾಶಿ ಮಾಡ್ಲಿ. ಆಗ ಇಳಿಯುವ."

ಕಾಕ ನನ್ನ ಮುಖ ನೋಡಿದರು. "ಧಣಿ, ನೆಲ ಗುಡಿಸ್ತದೆ," ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. ವ್ಯವಹಾರ ನನಗೆ ಬಿಟ್ಟಿದ್ದರಲ್ಲ, ಅರ್ಜಿಗೆ ಸಹಿ ಹಾಕಿದರು.

ಒಂದೂವರೆ ವರ್ಷದ ಮೇಲೆ ಪರಿಶೀಲಕರ ಕಾಗದ ಬಂತು. ನಿರಾಕರಿಸುವ ಸೂಚನೆ. ಇದು ಹೊಸದಲ್ಲ, ಸುಮಾರು ನೂರು ವರ್ಷದ ಹಿಂದೆಯೇ ಒಬ್ಬರು ಕೋಲಿನಿಂದ ಪರದೆ ಏರಿಸುವ ಸಾಧನಕ್ಕೆ ಪೇಟೆಂಟ್ ಪಡೆದಿದ್ದಾರೆ ಎಂದು ಹಳೆಯ ಚಿತ್ರವನ್ನೂ ಲಗತ್ತಿಸಿದ್ದರು. ಉತ್ತರಕ್ಕೆ ಅವಧಿ ಕೊಟ್ಟಿದ್ದರು, ಆದರೆ ಕಾರ್ಖಾನೆಯ ಮಾಲೀಕರು ಸುದ್ದಿ ತಿಳಿದ ದಿನವೇ ಅಚ್ಚಿನ ಕೆಲಸ ನಿಲ್ಲಿಸಿದರು.

ಇಬ್ಬರೂ ವಕೀಲೆಯ ಮೇಜಿನ ಎದುರು ಕೂತೆವು. ದೂರುವವರಿದ್ದರೆ ಕಾಕನೇ ದೂರಬೇಕಿತ್ತು. ಅವರು ಬಾಯಿಂದ ಕೊಕ್ಕೆಗಳನ್ನೆಲ್ಲ ತೆಗೆದು ಅಂಗೈಯಲ್ಲಿ ಹಿಡಿದು, ಆ ಚಿತ್ರವನ್ನು ಕಣ್ಣಿನ ಹತ್ತಿರ ತಂದರು. ಕೊಕ್ಕೆ ಇಲ್ಲದ ಅವರ ಬಾಯಿಯನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಶಾಯಿಯ ಗೆರೆಯ ಚಿತ್ರ: ಎತ್ತರದ ಕಿಟಕಿ, ಉದ್ದ ಕೋಲು, ಕೋಲು ಹಿಡಿದ ಟೊಪ್ಪಿಯ ಮನುಷ್ಯ.

"ಯಾರು ಮಗಳೇ ಇವ? ಎಂಜಿನಿಯರಾ?"

"ಇಲ್ಲ ಅಂಕಲ್. ಯಾವುದೋ ಚಳಿ ದೇಶದಲ್ಲಿ ಪರದೆ-ಕಂಬಳಿ ಅಂಗಡಿ ಇಟ್ಕೊಂಡಿದ್ದವರು. ಆ ಕಾಲದ ಪೇಟೆಂಟ್ ತೆಗೆದು ನೋಡಿದ್ರೆ ಹೀಗೇ. ಕ್ಷೌರಿಕರು, ತಗಡಿನ ಕೆಲಸದವರು, ಬೇಕರಿಯವರು, ಬಟ್ಟೆ ಒಗೆಯೋ ಹೆಂಗಸರು. ದಿನಾ ಕೈಗೆ ತೊಂದರೆ ಕೊಡ್ತಿದ್ದದ್ದಕ್ಕೆ ತಾವೇ ದಾರಿ ಹುಡುಕಿ ಬರೆಸಿಟ್ಟಿದ್ದಾರೆ."

ಕಾಕನ ಮುಖ ಅರಳಿತು. ತೊಂದರೆಯ ನಡುವೆ ಈ ಮನುಷ್ಯನಿಗೆ ಎಂಥ ಸಂತೋಷ ಎಂದು ನನಗೆ ಸಿಟ್ಟೇ ಬಂತು.

"ಧಣಿ, ಇವನೂ ಬಿದ್ದಿದ್ದಾನೆ!"

"ನಿಮಗೆ ಹೇಗೆ ಗೊತ್ತು?"

"ಇಷ್ಟು ಉದ್ದದ ಕೋಲು ಯಾರು ಮಾಡುದು ಮಾರಾಯ್ರೆ? ಏಣಿಗೆ ಹೆದರಿದವ." ಅವರ ಉಗುರು ಚಿತ್ರದ ಮೇಲೆ ನಿಧಾನವಾಗಿ ತೆವಳಿತು, ಪರದೆಯ ಅಂಚಿನ ಕೆಳಗೆ ತೆವಳುವ ಹಾಗೆಯೇ. ಒಂದು ಕಡೆ ನಿಂತಿತು. "ಇಲ್ಲಿ ಈ ಸುರುಳಿ ಎಂತದು? ಸ್ಪ್ರಿಂಗ್ ಅಲ್ವಾ? ಪಾಪ, ಇವನ ಊರಿನಲ್ಲಿ ಮರಳಿಲ್ಲ. ಮಗಳೇ, ಪರದೆ ಇಳಿಸುದು ಹೇಗೆ ಅಂತ ಬರೆದಿದ್ದಾನಾ?"

ವಕೀಲೆ ಪುಟ ತಿರುಗಿಸಿದರು. ಮತ್ತೆ ಮೊದಲಿನಿಂದ ಓದಿದರು. "ಇಲ್ಲ ಅಂಕಲ್. ಇಳಿಸೋ ವಿಷಯಾನೇ ಇಲ್ಲ!"

"ಅವನಿಗೆ ಬೇಡ ಇತ್ತು. ಅಲ್ಲಿ ಒಮ್ಮೆ ಏರಿಸಿದ್ರೆ ವರ್ಷಗಟ್ಟಲೆ ಆಯ್ತು. ನಮಗೆ ವರ್ಷಾ ವರ್ಷಾ ಇಳಿಸ್ಬೇಕು. ನಾನು ಬಿದ್ದದ್ದೂ ಇಳಿಸುವಾಗ." ಕಾಗದವನ್ನು ಮೇಜಿನ ಮೇಲಿಟ್ಟು ಎರಡು ಬೆರಳಿನಿಂದ ಸವರಿದರು. "ಏರಿಸುದು ಅವನದ್ದು. ಸ್ಪ್ರಿಂಗ್ ಇಲ್ಲದೆ ಇಳಿಸುದು ನನ್ನದು. ಅಷ್ಟನ್ನೇ ಕೇಳಿ."

ನಾನು ಆಗಲೂ ಸುಮ್ಮನಿರಲಿಲ್ಲ. "ಕಾಕ, ಮುಕ್ಕಾಲು ಕೇಳುವ, ಅರ್ಧಕ್ಕೆ ಬರುವ."

"ಧಣಿ, ಸುಮ್ಮನೆ ಕೂತ್ಕೊಳ್ಳಿ ಆಯ್ತಾ? ಒಂದು ಉಗುರು ಎಡೆ ಬಿಡ್ಬೇಕು. ಅದು ಅವನ ಜಾಗ."

ವಕೀಲೆ ನಗು ತಡೆಯಲು ನೀರು ಕುಡಿದರು. ಅಂದು ಬರೆದ ಉತ್ತರ ನನ್ನ ಹಳೆಯ ಅರ್ಜಿಯ ಕಾಲುಭಾಗವೂ ಇರಲಿಲ್ಲ. ಭಾರದಿಂದ ಬೀಳುವ ನಾಲಿಗೆ, ಮರಳಿಗೆ ಜಗ್ಗದ್ದು, ಇಳಿಸಲೂ ಬರುವುದು. ಜೊತೆಗೆ ಕಾಕ ಒಂದು ಹಿಡಿ ಮರಳು ಸುರಿದು ಸಾಧನವನ್ನು ನೂರು ಸಲ ಏರಿಸಿ ಇಳಿಸಿದ ಪರೀಕ್ಷೆಯ ವಿವರ. ನೂರನ್ನೂ ಎಣಿಸಿದವನು ನಾನು. ಒಂದೂ ತಪ್ಪಲಿಲ್ಲ.

ಆರು ತಿಂಗಳ ಮೇಲೆ ಮಧ್ಯಾಹ್ನ ವಕೀಲೆಯ ಫೋನು. "ಸಾರ್, ಅಂಕಲ್‌ಗೆ ಕೊಡಿ, ನಿಮಗೆ ಹೇಳಲ್ಲ." ಕಾಕ ಕೇಳಿಸಿಕೊಂಡು, "ಹ್ಞಾಂ ಮಗಳೇ, ಹ್ಞಾಂ," ಎಂದು ಫೋನಿಟ್ಟರು. ಬಾಯಿಂದ ಕೊಕ್ಕೆಗಳು ಒಂದೊಂದೇ ಗಾಜಿನ ಮೇಲೆ ಉದುರಿದವು. ನನಗೆ ತಿಳಿದಂತೆ ಆ ತುಟಿ ಹಿಡಿತ ಬಿಟ್ಟದ್ದು ಅದೊಂದೇ ಸಲ. ಪೇಟೆಂಟ್ ಸಿಕ್ಕ ಖುಷಿಗೆ ಅಂದು ನಮ್ಮ ಬೀದಿಯಲ್ಲಿ ಚಹಾ ನನ್ನದು; ಪಠಾಣರ ಗ್ಯಾರೇಜಿನವರು ಎರಡೆರಡು ಸಲ ಬಂದು ಕುಡಿದರು, ನಾನು ಕಣ್ಣು ಮುಚ್ಚಿಕೊಂಡೆ.

ಕಾರ್ಖಾನೆಯ ಅಚ್ಚು ಮತ್ತೆ ಓಡಿತು. ಮೊದಲ ಕೋಲು ಬಂದಾಗ ಕಾಕ ಯಾವ ಮನೆ ಆರಿಸಿದರು ಗೊತ್ತೇ? ಅಬುಧಾಬಿಯ ಅದೇ ಮನೆ, ಅದೇ ಏಳು ಮೀಟರ್ ಕಿಟಕಿ. ಉಪವಾಸಕ್ಕೆ ಮುಂಚಿನ ವಾರ. ಎಂಟು ಜನ ಫಿಟ್ಟರುಗಳು ಸಾಲಾಗಿ ನಿಂತಿದ್ದರು. ಮನೆಯ ಯಜಮಾನರು ಹಳೆಯ ಸಂಕೋಚದಿಂದ ಏಣಿ ತರಿಸಲೇ ಎಂದು ಕೇಳಿದರು. "ಮಾಫಿ ಏಣಿ," ಎಂದರು ಕಾಕ; ಇಲ್ಲಿನ ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ. ಬಲಗೈಯೊಂದರಲ್ಲೇ ಕೋಲು ಎತ್ತಿದರು. ಟಕ್, ಟಕ್, ಟಕ್. ಆ ದೊಡ್ಡ ಪರದೆ ತಾನಾಗಿ ಶರಣಾದ ಹಾಗೆ ಮಡಿಕೆ ಮಡಿಕೆಯಾಗಿ ಕೆಳಗೆ ಬಂತು. ಒಗೆದು ತಂದಿಟ್ಟಿದ್ದ ಇನ್ನೊಂದು ಜೊತೆ ಮೇಲಕ್ಕೆ ಹೋಯಿತು. ಫಿಟ್ಟರುಗಳು ಚಪ್ಪಾಳೆ ತಟ್ಟುತ್ತಿದ್ದರೆ ಕಾಕ ಆಗಲೇ ನೆಲದ ಮೇಲೆ ಮಲಗಿ ಉಗುರು ತೂರಿಸುತ್ತ ತೆವಳುತ್ತಿದ್ದರು. ಈ ಸಲ ಯಜಮಾನರು ನಗಲಿಲ್ಲ. ಚಹಾದ ಲೋಟ ಬದಿಗಿಟ್ಟು, ಅವರು ಎದ್ದು ನಿಲ್ಲಲು ಕೈ ಕೊಟ್ಟರು.

ಎರಡು ವರ್ಷ ಹಾಗೆ ಮನೆ ಮನೆ ತಿರುಗಿ ಕಲಿಸಿ, ತಮ್ಮ ಮನಸ್ಸಿಗೆ ಬಂದ ದಿನ ತಾವೇ ಟಿಕೆಟ್ ಮಾಡಿಸಿ ಊರಿಗೆ ಹೋದರು. ಕಳೆದ ವರ್ಷ ಅಲ್ಲಿಂದ ಅವರು ತೀರಿಕೊಂಡ ಸುದ್ದಿ ಬಂತು. ಅವರ ಹೆಸರು ಒತ್ತಿದ ಕೋಲು ಆ ದಿನವೂ ಯಾವುದೋ ಕಿಟಕಿಯಲ್ಲಿ ಟಕ್ ಎಂದಿರಬೇಕು.

ವ್ಯಾಪಾರಕ್ಕೆ ಬರುವವರು ನನ್ನ ಹತ್ತಿರ ಸಲಹೆ ಕೇಳುತ್ತಾರೆ, ಕೇಳದಿದ್ದರೂ ಹೇಳುತ್ತೇನೆ. ಸಾಮಾನಿನ ಬೆಲೆಯನ್ನು ಎಷ್ಟು ಬೇಕಾದರೂ ಏರಿಸಿ ಹೇಳಿ, ಅದು ಆಟ. ಆದರೆ 'ಇದು ನನ್ನದು' ಎನ್ನುವಾಗ ಅಳತೆ ತಪ್ಪಬೇಡಿ. ನನ್ನ ಜಾಣತನ ಒಬ್ಬ ಮನುಷ್ಯನ ಬದುಕಿನ ಕೆಲಸವನ್ನು ಮುಳುಗಿಸುತ್ತಿತ್ತು, ಅವರ ಉಗುರು ಅದನ್ನೂ ಉಳಿಸಿತು, ನನ್ನನ್ನೂ ಉಳಿಸಿತು.

ಊರಿಗೆ ಹೊರಡುವ ಮುನ್ನ ಕಾಕ ನನ್ನ ಅಂಗಡಿಯ ಗೋಡೆಗೆ ಎರಡು ಚೌಕಟ್ಟು ತೂಗುಹಾಕಿದರು. ಒಂದು ಅವರ ಪೇಟೆಂಟಿನ ಕಾಗದ. ಇನ್ನೊಂದು ಆ ಟೊಪ್ಪಿಯ ಅಂಗಡಿಯವನ ಚಿತ್ರ. ಎರಡೂ ಒಂದೇ ಸಾಲಿನಲ್ಲಿಲ್ಲ, ಗಿರಾಕಿಗಳು ನೋಡಿ ಸರಿಪಡಿಸಲು ಹೋಗುತ್ತಾರೆ. ನಾನು ಬಿಡುವುದಿಲ್ಲ. ಅಳತೆ ತಪ್ಪುವ ಕೈಯಲ್ಲ ಅದು. ಆ ಹಳಬನನ್ನು ಕಾಕ ತಮಗಿಂತ ಒಂದು ಉಗುರು ಮೇಲೆ ಇಟ್ಟಿದ್ದಾರೆ.