ಕೋಡಿ ಇಲ್ಲದ ಒಡ್ಡು

ರುದ್ರಪ್ಪನಂಥ ಹಟಮಾರಿಯನ್ನು ನಾಗಪುರಕ್ಕೆ ಬಂದ ಮೇಲೆ ನಾನು ಇನ್ನೊಬ್ಬನನ್ನು ಕಂಡಿಲ್ಲ. ರೋಣದ ಕಡೆಯವನು, ರೈಲ್ವೆಯಲ್ಲಿ ನನ್ನ ಜೊತೆಗಿದ್ದವನು. ಹಳಿಯ ಕೆಳಗೆ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಅವನ ನೌಕರಿ. ಎಲ್ಲಾದರೂ ನೀರು ಕಟ್ಟಿದರೆ ಗ್ಯಾಂಗಿನವರ ಜನ್ಮ ಜಾಲಾಡುತ್ತಿದ್ದ. ಅಂಥವನು ಸ್ವಂತ ಹೊಲದಲ್ಲಿ ಮಾಡಿದ್ದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ನಿವೃತ್ತಿಯಾದ ಮೇಲೆ ಮನೀಶ್ ನಗರದ ಮನೆಯಲ್ಲಿದ್ದುಕೊಂಡೇ ಕಾಟೋಲ್ ರಸ್ತೆಯ ಕಡೆ ಒಂದಿಷ್ಟು ಕಪ್ಪು ನೆಲ ಕೊಂಡ. ಕಿತ್ತಳೆ ಹಚ್ಚೋಣ ಎಂದವಳು ಹೆಂಡತಿ ಸತ್ಯಭಾಮಾ. ಬೇಸಿಗೆಯಲ್ಲಿ ಬುಡಕ್ಕೆ ಹುಲ್ಲು ಹೊದಿಸಿ, ಕೊಡದಲ್ಲಿ ನೀರು ಹೊತ್ತು ಸಾಕಿದವಳೂ ಅವಳೇ. ಕಿತ್ತಳೆ ಫಲ ಕೊಡಲು ಐದಾರು ವರ್ಷ ಬೇಕು. ಅವಳು ಕಾದಳು.

ಒಡ್ಡು ಮಾತ್ರ ರುದ್ರಪ್ಪನದು. ನಾಲ್ಕೂ ಕಡೆ ಎತ್ತರಕ್ಕೆ ಹಾಕಿಸಿದ. ಹೆಚ್ಚಾದ ನೀರು ಹೊರಗೆ ಹೋಗಲು ಒಂದು ಕೋಡಿಯನ್ನೂ ಬಿಡಲಿಲ್ಲ. ಮಳೆಯೇ ಅಪರೂಪವಾದ ಅವನ ಊರಲ್ಲಿ, ಹೊಲದ ನೀರನ್ನು ಹೊರಗೆ ಬಿಡುವವನಿಗೆ ಯಾರೂ ಹೆಣ್ಣು ಕೊಡುವುದಿಲ್ಲವಂತೆ. ಪಕ್ಕದ ಹೊಲದ ದೇವರಾವ್ ಮಣ್ಣನ್ನು ಸಾಲುಸಾಲಾಗಿ ಎತ್ತರಿಸಿ ಏರಿ ಮಾಡಿ, ನಡುನಡುವೆ ಕಾಲುವೆ ತೆಗೆದು ಗಿಡ ಹಚ್ಚಿದ್ದ. ಇಲ್ಲಿಯ ಮಳೆ ಬೇರೆ, ನೀರಿಗೆ ದಾರಿ ಬಿಡು ಎಂದು ಅವನು ಮರಾಠಿಯಲ್ಲಿ ಎಷ್ಟೋ ಸಲ ಹೇಳಿದ.

"ನೀರು ಬರೋದ ಕಷ್ಟ ಐತಿ, ಬಂದದ್ದನ್ನ ಯಾಕ ಹೊರಗ ದಬ್ಬಲಿ?" ಎಂದ ರುದ್ರಪ್ಪ.

ಮೊದಲ ವರ್ಷಗಳಲ್ಲಿ ಮಳೆ ಸಾಧಾರಣವಾಗಿತ್ತು. ಗಿಡಗಳು ಚೆನ್ನಾಗಿ ಬಂದವು. ಹನಿ ಹನಿ ಕೂಡಿದರೆ ಹಳ್ಳ ಎಂದು ಅವನು ಮೀಸೆ ತಿರುವುತ್ತ ನನಗೇ ಪಾಠ ಹೇಳಿದ.

ಕಾಯಿ ಹಿಡಿದ ಮೊದಲ ವರ್ಷವೇ ಆಷಾಢದ ಮಳೆ ಬಿಡದೆ ಹೊಡೆಯಿತು. ಕಪ್ಪು ಮಣ್ಣು ಕುಡಿಯುವಷ್ಟು ಕುಡಿಯಿತು, ಉಳಿದ ನೀರು ಗಿಡಗಳ ಬುಡದಲ್ಲಿ ನಿಂತಿತು. "ಒಡ್ಡು ಒಡೀರಿ, ಬೇರು ಕೊಳೀತಾವ" ಎಂದು ಸತ್ಯಭಾಮಾ ಅತ್ತಳು. ಸಲಿಕೆ ಹಿಡಿದು ಒಡ್ಡಿನ ಮೇಲೆ ಹೋದವನು ಕೈ ಬಾರದೆ ತಿರುಗಿ ಬಂದ. "ನಾಳಿಗಿ ಇಂಗತೈತಿ" ಎಂದ. ಮರುದಿನವೂ ಅದೇ ಮಾತು. ಕೊನೆಗೆ ಅವಳೇ ಸೀರೆ ಎತ್ತಿ ಕಟ್ಟಿ ಒಡ್ಡು ಕಡಿದಳು. ಅಷ್ಟರಲ್ಲಿ ಬೇರು ಕೊಳೆತು ಬುಡದ ತೊಗಟೆಯಿಂದ ಅಂಟು ಸೋರುತ್ತಿತ್ತು. ದೀಪಾವಳಿಯ ಹೊತ್ತಿಗೆ ಎಲೆ ಹಳದಿಯಾಗಿ, ಕಾಯಿ ಉದುರಿ, ತೋಟಕ್ಕೆ ತೋಟವೇ ಒಣಗಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಳೆದ ವಾರ ಹೊಲದಲ್ಲಿ ನನ್ನೆದುರಿಗೇ ಹೆಂಡತಿಗೆ ಹೇಳಿದ: "ದೇವರಾವ್‌ನಂಗ ಕಾಲುವಿ ತಗದು ಮತ್ತೊಮ್ಮೆ ಹಚ್ಚೂಣು. ಈ ಸಲ ಬರೋಬರ್ ಬರ್ತಾವ."

ಸತ್ಯಭಾಮಾ ಒಣ ಟೊಂಗೆಗಳನ್ನು ಮುರಿದು ಹೊರೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಬರ್ತಾವ್ರಿ. ಕಾಯಾಕ ನನಗ ಮತ್ತ ಅಷ್ಟು ವರ್ಷ ಎಲ್ಲಿ ಉಳದಾವು?"