ಬಿಸಿನೀರಿನಲ್ಲಿ ಒಗೆದ ದಿಂಬಿನ ಕವರು

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು ಕಲೆ ತೆಗೆಯುವ ಹೆಂಗಸನ್ನು ಎಲ್ಲರೂ ಗ್ಲಿಸರಿನ್ ಅಕ್ಕ ಎಂದೇ ಕರೆಯುತ್ತಿದ್ದರು. ಮಸಿ, ಎಣ್ಣೆ, ತುಕ್ಕು ಎಲ್ಲವೂ ಅವಳ ಕೈಗೆ ಬರುತ್ತಿದ್ದವು. ಹೆಸರು ತಂದದ್ದು ಮಾತ್ರ ಹೊಗೆಸೊಪ್ಪಿನ ಕಲೆ. ಅಂಗಿಯ ಜೇಬಾಗಲಿ, ಸೋಫಾದ ಹೊದಿಕೆಯಾಗಲಿ, ಮೊದಲು ತಣ್ಣೀರಿನಲ್ಲಿ ಅದ್ದಿ, ಕಲೆಯ ಮೇಲೆ ಗ್ಲಿಸರಿನ್ ಸವರಿ, ಅದು ಮೆತ್ತಗಾಗುವವರೆಗೆ ಬೇರೆ ಕೆಲಸ ನೋಡುತ್ತಿದ್ದಳು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು, ಸ್ವಲ್ಪ ವಿನೆಗರ್, ಉಜ್ಜುವುದಲ್ಲ, ಒತ್ತುವುದು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಪೆಟ್ಟಿಗೆ ಹತ್ತಿರ ಸುಳಿಯುವಂತಿಲ್ಲ. ಬಿಸಿನೀರು, ಬಾರ್ ಸೋಪು ಮುಟ್ಟಿಸಿ ತಂದವರಿಗೆ ಬೈಗುಳ ಗ್ಯಾರಂಟಿ. ಬಿಸಿಯೋ ಬಾರ್ ಸೋಪೋ ತಾಗಿದರೆ ಆ ಕಲೆ ನೂಲಿಗೆ ಕಚ್ಚಿಕೊಂಡು ಕೂರುತ್ತದೆ.

ಇಷ್ಟನ್ನೂ ಅವಳು ಕಲಿತದ್ದು ಗಂಡನ ಬಟ್ಟೆಯ ಮೇಲೆಯೇ. ಅವನು ಲಾರಿ ಓಡಿಸುತ್ತಿದ್ದ. ನಿದ್ದೆ ತಡೆಯಲೆಂದು ದವಡೆಗೆ ಇಟ್ಟುಕೊಂಡ ಹೊಗೆಸೊಪ್ಪು, ಅವನು ಲಾರಿ ಬಿಟ್ಟು ಶಾಲೆಯ ವ್ಯಾನು ಹಿಡಿದ ಮೇಲೂ ದವಡೆ ಬಿಡಲಿಲ್ಲ. ಮಲಗಿದಾಗ ಬಾಯಂಚಿನಿಂದ ಸೋರಿ ದಿಂಬು ಕಂದಾಗುತ್ತಿತ್ತು. ಅವಳು ಗೊಣಗುತ್ತ ತೆಗೆಯುತ್ತಿದ್ದಳು, ಅವನು ಮತ್ತೆ ಮಾಡುತ್ತಿದ್ದ. ಸಂಸಾರ ಹೀಗೇ ಸಾಗಿತ್ತು.

ಹಲ್ಲಿನ ಡಾಕ್ಟರು ಅವನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡ ದಿನ ಅದು ನಿಂತಿತು. ಹೊಗೆಸೊಪ್ಪು ಬಿಟ್ಟು ಎರಡು ತಿಂಗಳಿಗೆ ಬನ್ನಿ, ಆಗಲೂ ಮಚ್ಚೆ ಮಾಯದಿದ್ದರೆ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಾಗುತ್ತದೆ ಎಂದರು. ಗಂಡ ಹೊಗೆಸೊಪ್ಪಿನ ಡಬ್ಬಿಯನ್ನು ಅವಳ ಎದುರೇ ಚರಂಡಿಗೆ ಸುರಿದ. ಅವಳು ದಿಂಬಿಗೆ ಬಿಳಿ ಕವರುಗಳನ್ನು ಹೊಸದಾಗಿ ಹೊಲಿದಳು. ಬಿಳಿ ಆರಿಸಿದ್ದು ಅಂದಕ್ಕಲ್ಲ, ಕಾವಲಿಗೆ.

ದಿಂಬು ಬೆಳ್ಳಗೇ ಕಾಣುತ್ತಿತ್ತು. ಅಷ್ಟೇ ಅಲ್ಲ, ಗಂಡ ತನ್ನ ಬಟ್ಟೆ, ದಿಂಬಿನ ಕವರು ತಾನೇ ಒಗೆಯತೊಡಗಿದ್ದ. ಪಕ್ಕದ ಮನೆಯಲ್ಲೇ ಇದ್ದ ನಾದಿನಿ ನೋಡಿ, "ಅತ್ತಿಗೆ, ನಮ್ಮಣ್ಣನಿಗೆ ಏನು ಮದ್ದು ಹಾಕಿದ್ರಿ? ಕುಡಿದ ಲೋಟ ಎತ್ತಿಡದ ಮನುಷ್ಯ" ಎಂದು ನಕ್ಕಳು. ಗ್ಲಿಸರಿನ್ ಅಕ್ಕನಿಗೂ ಒಳಗೊಳಗೇ ಹಿಗ್ಗು. ಊರವರ ಬಟ್ಟೆಯ ಎಳೆ ಎಳೆ ನೋಡುವವಳು ಮನೆಯಲ್ಲಿ ಬಟ್ಟೆ ಒಣಗುವ ಹಗ್ಗದ ಕಡೆ ಕಣ್ಣು ಹಾಯಿಸಲಿಲ್ಲ. ಹೊಗಳಿಕೆಗಿಂತ ಬೇಗ ಕಣ್ಣು ಕಟ್ಟುವುದು ಕೆಲಸದಿಂದ ಸಿಕ್ಕ ಬಿಡುವು.

ಡಾಕ್ಟರ ಬಳಿ ಹೋಗುವ ಹಿಂದಿನ ದಿನ, ಹಾಸಿಗೆ ಬಿಸಿಲಿಗೆ ಹಾಕಲೆಂದು ದಿಂಬು ಎತ್ತಿದಾಗ ಅಡಿಯ ಮಗ್ಗುಲಲ್ಲಿ ಅಂಗೈಯಗಲದ ಕಂದು ಉಂಗುರ ಕಂಡಿತು. ಮೂಸಿದಳು. ಬಾರ್ ಸೋಪಿನ ವಾಸನೆ. ಒದ್ದೆ ಬೆರಳಿನಿಂದ ತಿಕ್ಕಿದಳು, ಬಣ್ಣ ಅಲುಗಲಿಲ್ಲ. ಹೊಸ ಕವರು, ಹಳೆಯ ಕಲೆ ಎನ್ನುವ ಮಾತೇ ಇಲ್ಲ. ತಣ್ಣೀರಿನಲ್ಲಿ ಅದ್ದಿ ಒಗೆದಿದ್ದರೆ ಬಹುಪಾಲು ಹೋಗಿಬಿಡುತ್ತಿತ್ತು, ಅವಳಿಗೆ ತಿಳಿಯುತ್ತಲೂ ಇರಲಿಲ್ಲ. ಇಷ್ಟು ವರ್ಷ ಅವಳು ಬಂದವರಿಗೆಲ್ಲ ಗಂಟಲು ಹರಿದುಕೊಂಡು ಹೇಳಿದ್ದನ್ನು ಮನೆಯ ಮನುಷ್ಯ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಸಂಜೆ ವ್ಯಾನು ನಿಲ್ಲಿಸಿ ಒಳಗೆ ಬಂದ ಗಂಡ, ಕುರ್ಚಿಯ ಮೇಲಿದ್ದ ಕವರು ನೋಡಿ ಚಪ್ಪಲಿ ಬಿಡುವುದನ್ನೂ ಮರೆತ.

"ಬಿಸಿನೀರಿಗೆ ಹಾಕಿದ್ರಾ?" ಎಂದಳು.

"ಚೆನ್ನಾಗಿ ಹೋಗ್ಲಿ ಅಂತ... ಮಲಗುವಾಗ ಒಂದು ಚಿಟಿಕೆ ಅಷ್ಟೇ ಕಣೇ. ಅದಿಲ್ದೆ ನಿದ್ದೆ ಹತ್ತಲ್ಲ."

"ಆಗ ನಿದ್ದೆ ಬರಬಾರ್ದು ಅಂತ, ಈಗ ಬರ್ಲಿ ಅಂತ. ಒಳ್ಳೇ ಔಷಧಿ ಸಿಕ್ತು ನಿಮಗೆ."

ಡಾಕ್ಟರಿಗೆ ಹೇಳಬೇಡ, ಕತ್ತರಿ ಹಿಡಿಯುತ್ತಾರೆ ಎಂದು ಅವನು ಗೋಗರೆದ. ಈ ಕಲೆ ತೆಗೆದುಬಿಡು, ನಿನ್ನ ಕೈಯಲ್ಲಿ ಆಗದ್ದೇನಿದೆ ಎಂದು ಪೂಸಿ ಹೊಡೆದ. ಆಗುತ್ತಿತ್ತೋ ಏನೋ. ಗ್ಲಿಸರಿನ್ ಬಾಟಲಿ ಕೈಗೆಟುಕುವಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಕವರನ್ನು ಮಡಚಿ ಕೈಚೀಲದ ತಳಕ್ಕೆ ಹಾಕಿದಳು.

ಮರುದಿನ ಡಾಕ್ಟರು ದೀಪ ಹಿಡಿದು ಅವನ ಬಾಯೊಳಗೆ ನೋಡಿ, ಪೂರ್ತಿ ಬಿಟ್ಟಿದ್ದೀರಾ ಎಂದು ಕೇಳಿದರು. ಹೂಂ ಎನ್ನಲು ಹೊರಟವನು ಹೆಂಡತಿಯ ತೊಡೆಯ ಮೇಲಿದ್ದ ಚೀಲ ನೋಡಿದ. ಅವಳು ಚೀಲದ ಬಾಯಿ ತೆರೆಯಲಿಲ್ಲ, ತನ್ನದನ್ನೂ ತೆರೆಯಲಿಲ್ಲ.

"ಇಲ್ಲ ಡಾಕ್ಟ್ರೇ. ದಿನಾ ಒಂದು ಚಿಟಿಕೆ ಇಟ್ಕೋತಿದೀನಿ" ಎಂದ.

ಡಾಕ್ಟರು ಬೈಯಲಿಲ್ಲ. ಮಚ್ಚೆ ಕುಗ್ಗದ್ದಕ್ಕೆ ಕಾರಣ ಸಿಕ್ಕಿತು ಎಂದರು. ಆದರೂ ಕಾಯುವುದು ಬೇಡವೆಂದು ಅಂದೇ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಇಬ್ಬರೂ ಮತ್ತೆ ಹೋದಾಗ, ಸದ್ಯಕ್ಕೆ ಕ್ಯಾನ್ಸರ್ ಅಲ್ಲ, ಬಿಡದಿದ್ದರೆ ಆಗಬಹುದು ಎಂಬ ಉತ್ತರ ಬಂತು.

ಅಂದು ಮನೆಗೆ ಬಂದು ಅವಳು ಅದೇ ಕವರನ್ನು ದಿಂಬಿಗೆ ಹಾಕಿದಳು, ಉಂಗುರ ಮೇಲ್ಮಗ್ಗುಲಿಗೆ ಬರುವಂತೆ. ಅವನು ದಿಂಬನ್ನು ಮಗುಚಲಿಲ್ಲ. ವಾರಕ್ಕೊಮ್ಮೆ ಅದನ್ನು ಅವನೇ ಒಗೆಯುತ್ತಾನೆ, ತಣ್ಣೀರಿನಲ್ಲಿ, ಅವಳ ಎದುರಿಗೆ. ಹಳೆಯ ಉಂಗುರ ಇದ್ದಂತೆಯೇ ಇದೆ, ಹೊಸದು ಬಿದ್ದಿಲ್ಲ. ನಿದ್ದೆ ಹತ್ತದಿದ್ದರೆ ಎದ್ದು ಕೂತು ನೀರು ಕುಡಿಯುತ್ತಾನೆ.